ಚಿಕಾಗೋ ಕಡೆ ಈರುಳ್ಳಿ ಹಾಕೋರು ಈಗಲೇ ಶುರು ಮಾಡಿ

ಫ್ರೆಂಡ್ಸ್, ಚಿಕಾಗೋ, ಡೆಟ್ರಾಯ್ಟ್ ಕಡೆ ಇರೋರು ಈ ವರ್ಷ ಈರುಳ್ಳಿ ಬೆಳೀಬೇಕು ಅಂದ್ರೆ ಹಿಮ ಕರಗಲಿ ಅಂತ ಕಾಯ್ಬೇಡಿ, ಬೀಜದಿಂದ ಮಾಡೋದಾದ್ರೆ ಫೆಬ್ರವರಿಲೇ ಮನೆ ಒಳಗೆ ಟ್ರೇನಲ್ಲಿ ಹಾಕ್ಬಿಡಿ. ಬೀಜ ಮಾತ್ರ ಹೊಸದೇ ಇರ್ಲಿ, ಈರುಳ್ಳಿ ಬೀಜ ಒಂದೆರಡು ವರ್ಷದಲ್ಲಿ ಮೊಳಕೆ ಶಕ್ತಿ ಕಳ್ಕೊಳ್ಳುತ್ತೆ.

ಎಲ್ಲಕ್ಕಿಂತ ಮುಖ್ಯ ತಳಿ. ಇಲ್ಲಿಗೆ ಲಾಂಗ್ ಡೇ ತಳಿನೇ ಬೇಕು, ಪ್ಯಾಟರ್ಸನ್, ವಾಲಾ ವಾಲಾ ಥರದ್ದು, ಅವು ದಿನಕ್ಕೆ ಸುಮಾರು 14 ಗಂಟೆ ಬೆಳಕು ಸಿಕ್ಕಾಗ ಗೆಡ್ಡೆ ಕಟ್ಟೋಕೆ ಶುರು ಮಾಡ್ತವೆ. ಊರಿಂದ ತಂದ ಬೀಜ ಕಮ್ಮಿ ಹಗಲಿಗೇ ಗೆಡ್ಡೆ ಕಟ್ಟೋ ತಳಿ, ಅದನ್ನ ಹಾಕಿದ್ರೆ ಇಲ್ಲಿನ ಉದ್ದ ಹಗಲಿಗೆ ಗಿಡ ಸಣ್ಣದಿರುವಾಗಲೇ ಗೆಡ್ಡೆ ಕಟ್ಟಿ ಗೋಲಿ ಗಾತ್ರದಲ್ಲೇ ನಿಂತ್ಹೋಗುತ್ತೆ, ಶ್ರಮ ಎಲ್ಲಾ ವೇಸ್ಟು.

ಸಸಿ ಉದ್ದ ಬೆಳೆದು ಬಾಗಿದ್ರೆ ಕತ್ತರೀಲಿ ಮೂರು ಇಂಚಿಗೆ ಕಟ್ ಮಾಡಿ, ಆ ತುದಿಗಳ್ನ ಒಗ್ಗರಣೆಗೆ ಹಾಕ್ಕೊಳ್ಳಿ, ಚೆನ್ನಾಗಿರುತ್ತೆ. ಏಪ್ರಿಲಲ್ಲಿ ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ ನಾಲ್ಕಿಂಚು ಅಂತರದಲ್ಲಿ ನೆಡಿ, ಸಣ್ಣ ಮಟ್ಟಿನ ಹಿಮ (ಫ್ರಾಸ್ಟ್) ಬಿದ್ರೂ ಸಸಿ ತಡ್ಕೊಳ್ಳುತ್ತೆ. ಬೀಜದ ಬದಲು ಸೆಟ್ಸ್ (ನೆಡೋಕೆ ಅಂತಲೇ ಸಿಗೋ ಪುಟ್ಟ ಈರುಳ್ಳಿ ಗೆಡ್ಡೆ) ತಗೊಳ್ಳೋರು ಅದ್ರಲ್ಲಿ ಸಣ್ಣವನ್ನೇ ಆರಿಸಿ, ದಪ್ಪಗಿರೋವು ಬೇಗ ಹೂದಂಟು ಬಿಡ್ತವೆ. ಕಳೆ ಮಾತ್ರ ಬಿಡ್ಬೇಡಿ, ಈರುಳ್ಳಿ ಬೇರು ಮೇಲ್ಮೇಲೇ ಇರುತ್ತೆ.