ಗುರಿ ಅಭ್ಯಾಸಕ್ಕೆ ಒಂದು ಪಾಯಿಂಟ್ ಟೂಟೂ: ನಾನು ರೈಫಲ್ ಆರಿಸಿದ ಬಗೆ

ಮಲೆನಾಡಿಗೆ ಕೋವಿ ಹೊಸದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆ ಕೋವಿ ಇರುತ್ತದೆ. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ವಾಪಸ್ ತರುವುದು, ಎಲ್ಲ ಮಾಮೂಲು. ಆದರೆ ಬರೀ ಗುರಿ ಹೊಡೆಯುವುದಕ್ಕೆ ರೈಫಲ್ ತಗೊಳ್ಳುತ್ತೇನೆ ಅಂದಾಗ ನಮ್ಮ ದೊಡ್ಡಪ್ಪನಿಗೆ ಅರ್ಥವೇ ಆಗಲಿಲ್ಲ. "ಹಂದಿಗೂ ಆಗಲ್ಲ, ಮಂಗ ಓಡಿಸೋಕೂ ಆಗಲ್ಲ. ಎಂತಕ್ಕೆ ಮಾರಾಯ ಅದು?"

ಕೇಳಿದ್ದರಲ್ಲಿ ತಪ್ಪಿಲ್ಲ. ಪಾಯಿಂಟ್ ಟೂಟೂ ಅಂದರೆ 5.6 ಮಿಲಿಮೀಟರ್‌ನ ಪುಟ್ಟ ಸೀಸದ ಗುಂಡು, ಎರಡೂವರೆ ಗ್ರಾಂ ಚಿಲ್ಲರೆ ತೂಕ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರೆಲ್ಲ ಇದನ್ನೇ ಹೊಡೆದಿರುತ್ತಾರೆ: ಮಲಗಿಕೊಂಡು, 25 ಮೀಟರಿನಿಂದ, ಐದು ಗುಂಡು, ಗ್ರೂಪಿಂಗ್, ಅಂದರೆ ಗುಂಡುಗಳು ಎಷ್ಟು ಒತ್ತಾಗಿ ಬಿದ್ದವು ಅಂತ ಹವಾಲ್ದಾರರು ಅಳೆಯುವುದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ಸ್ಪರ್ಧೆಯದ್ದೂ ಇದೇ ತೋಟಾ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಶಬ್ದ ಕಡಿಮೆ. ರೈಫಲ್ ತೋಟಾಗಳಲ್ಲಿ ಇದೇ ಅಗ್ಗ. ಬೋಲ್ಟ್ ಆಕ್ಷನ್ ಆದರೆ ಹಿಂಬದಿಯ ಬೋಲ್ಟ್ ಅನ್ನುವ ಅಗುಳಿಯನ್ನು ಪ್ರತಿ ಗುಂಡಿಗೂ ಕೈಯಿಂದ ಎಳೆದು ತುಂಬಬೇಕು, ಹಾಗಾಗಿ ಸುಮ್ನೆ ತೋಟಾ ಉರಿಸುವ ಚಾಳಿಯೂ ಬರುವುದಿಲ್ಲ.

ರೈಫಲ್ ನೋಡುವುದಕ್ಕೆ ಮುಂಚೆ ಕಾಗದ ಪತ್ರ. ದೊಡ್ಡಪ್ಪನ ಲೈಸೆನ್ಸಿನಲ್ಲೇ ತಗೊಳ್ಳಬಹುದಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಲೈಸೆನ್ಸು ಒಬ್ಬರ ಹೆಸರಿಗೆ, ಅದರಲ್ಲಿ ಬರೆದಿರುವ ಬಗೆಯ ಕೋವಿಗೆ ಮಾತ್ರ. ನಾನು ಜಿಲ್ಲಾಧಿಕಾರಿಗಳ ಕಚೇರಿಗೆ ಬೇರೆಯೇ ಅರ್ಜಿ ಹಾಕಿದೆ, ಗುರಿ ಅಭ್ಯಾಸಕ್ಕೆ ಅಂತ ಕಾರಣ ಬರೆದೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಪ್ರಮಾಣಪತ್ರ ಜೊತೆಗಿಟ್ಟೆ. ಠಾಣೆಯವರು ಮನೆಗೆ ಬಂದು ವಿಚಾರಿಸಿದರು. ಸಮಯ ಹಿಡಿಯಿತು, ಅದನ್ನು ಇಲ್ಲಿ ಹಾಡುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಬಂದೂಕು ಇರುವಂತಿಲ್ಲ, ಲೈಸೆನ್ಸ್ ಅವಧಿ ಐದು ವರ್ಷ. ಮನೆಯಲ್ಲಿ ಅಜ್ಜನ ಕಾಲದ್ದು ನಿಮ್ಮ ಹೆಸರಿಗೇ ಇದ್ದರೆ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಪ್ರಶ್ನೆ, ಇದನ್ನು ಕೇಳದೆ ರೈಫಲ್ ಕೊಳ್ಳುವವರು ಬಹಳ: ಹೊಡೆಯುವುದು ಎಲ್ಲಿ? ಟೂಟೂ ಗುಂಡು ಒಂದೂವರೆ ಕಿಲೋಮೀಟರಿಗಿಂತ ಆಚೆಗೂ ಹೋಗಬಲ್ಲದು. ನಮ್ಮ ಕಡೆ ತೋಟದಾಚೆ ಕಾಡು ಅಂತ ಕಂಡರೂ ಅಲ್ಲಿ ಸೊಪ್ಪು ತರುವವರು, ದನ ಹುಡುಕುವವರು ಯಾರಾದರೂ ಇದ್ದೇ ಇರುತ್ತಾರೆ. ಅನುಮತಿ ಇರುವ ರೇಂಜಿನಲ್ಲೇ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲೇ ಹೊಡೆಯಬೇಕು, ನನ್ನ ಮಟ್ಟಿಗೆ ಅದು ಊರಿನಿಂದ ದೂರದ ಪ್ರಯಾಣ. ದಿನದ ಅಭ್ಯಾಸಕ್ಕೆ ಗಾಳಿಯ ಒತ್ತಡದಿಂದ ಹೊಡೆಯುವ 4.5 ಮಿಲಿಮೀಟರಿನ ಏರ್ ರೈಫಲ್ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗುಂಡಿನ ಶಕ್ತಿ 20 ಜೌಲ್ ಮೀರದ ಅಂಥ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಅಡಿಕೆ ಚಪ್ಪರದ ಅಡಿಯಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮರಳಿನ ಚೀಲ ಪೇರಿಸಿಕೊಂಡಿದ್ದೇನೆ. ಉಸಿರು, ಟ್ರಿಗರ್ ಎಲ್ಲ ಅಲ್ಲೇ ಪಳಗುತ್ತದೆ.

ಇನ್ನು ರೈಫಲ್. ನನ್ನ ಕೈಗೆ ನಿಲುಕುವ ದಾರಿ ಎರಡೇ ಇದ್ದವು. ಒಂದು, ಬಂಗಾಳದ ಇಶಾಪುರ ಕಾರ್ಖಾನೆಯ ಹೊಸ ಟೂಟೂ ಸ್ಪೋರ್ಟಿಂಗ್ ರೈಫಲ್. ಇನ್ನೊಂದು, ಹಳೆಯ ಜೆಕೊಸ್ಲೊವಾಕಿಯಾದ ಬ್ರನೊ, ಸೆಕೆಂಡ್ ಹ್ಯಾಂಡ್. ಸ್ಪರ್ಧೆಗೆ ಹೋಗುವವರು ಹಿಡಿಯುವ ಅನ್‌ಶುಟ್ಜ್, ವಾಲ್ಟರ್ ಎಲ್ಲ ಲಕ್ಷಗಳ ಮಾತು. ವಿದೇಶಿ ಬಂದೂಕನ್ನು ಸಾಮಾನ್ಯರು ತರಿಸುವುದಕ್ಕೆ ಎಂಬತ್ತರ ದಶಕದಿಂದಲೇ ಅಡ್ಡಿ ಇರುವುದರಿಂದ ಹೊರಗೆ ಸಾಧಾರಣ ಬೆಲೆಯ ಮಾಲೂ ಇಲ್ಲಿ ಏರಿ ಕೂತಿದೆ. ಬ್ರನೊ ಕೂಡ ಅಗ್ಗವೇನಲ್ಲ. ಆದರೆ ಕಾಫಿ ಸೀಮೆಯ ಹಳೆಯ ಎಸ್ಟೇಟ್ ಮನೆಗಳಲ್ಲಿ ಬೀರುವಿನೊಳಗೆ ಸುಮ್ಮನೆ ಮಲಗಿರುವ ಬ್ರನೊ ಮಾಡೆಲ್ 2 ಇನ್ನೂ ಸಿಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಯಜಮಾನರಿಗೆ ಲೈಸೆನ್ಸ್ ನವೀಕರಿಸುವ ಉತ್ಸಾಹ ಇರುವುದಿಲ್ಲ.

ನಾನು ಎರಡನ್ನೂ ಮುಟ್ಟಿ ನೋಡಿದೆ. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ, ಹಳೆಯದು ವಿದೇಶಿ ಅಂದ ಮಾತ್ರಕ್ಕೂ ಅಲ್ಲ. ಪ್ರತಿ ನಳಿಗೆಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಕೊಪ್ಪದ ಕಡೆಯ ಒಬ್ಬರ ಬ್ರನೊ ನೋಡಿದ್ದು ಹೀಗೆ.

ಮೊದಲು ತೋಟಾ ತುಂಬುವ ಮ್ಯಾಗಝಿನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಖಾಲಿ ಅಂತ ಕಣ್ಣಿನಲ್ಲೂ ಬೆರಳಿನಲ್ಲೂ ಖಾತ್ರಿ ಮಾಡಿಕೊಂಡೆ. ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಹಿಂದಕ್ಕೆ ಎಳೆದರೆ ಪೂರ್ತಿ ಈಚೆಗೆ ಬರುತ್ತದೆ. ಹಿಂಬದಿಯಿಂದ ನಳಿಗೆಯೊಳಗೆ ಕಣ್ಣಿಟ್ಟು ಬಿಳಿ ಗೋಡೆಯ ಕಡೆ ಹಿಡಿದೆ. ಒಳಗಿನ ಸುರುಳಿ ಗೀರುಗಳ ಅಂಚು ಚೂಪಾಗಿ ಕಾಣಬೇಕು. ಕಪ್ಪು ಕಂಡರೆ ಹೆದರಬೇಕಿಲ್ಲ, ಅದು ಮಸಿ ಇರಬಹುದು. ಎಣ್ಣೆ ಹಚ್ಚಿದ ಬಿಳಿ ಬಟ್ಟೆ ಚೂರನ್ನು ಹಿಂದಿನಿಂದ ತಳ್ಳಿದೆ. ಮೊದಲನೆಯದು ಕಪ್ಪಗೆ ಬಂತು, ಎರಡನೆಯದು ಬೂದು, ಆಮೇಲೆ ಬೆಳ್ಳಗೆ. ಕೆಂಪು ಕಂದು ಬಣ್ಣ ಬರುತ್ತಲೇ ಇದ್ದರೆ ಒಳಗೆ ತುಕ್ಕು ಅಂತ ಅರ್ಥ, ಆಗ ಬೆಲೆ ಎಷ್ಟೇ ಇಳಿಸಲಿ, ಎದ್ದು ಬರುವುದೇ ಸರಿ.

ಆಮೇಲೆ ನಳಿಗೆಯ ಬಾಯಿ. ಗುಂಡು ಕೊನೆಗೆ ಮುಟ್ಟುವುದು ಆ ಅಂಚನ್ನೇ. ಅದು ಒಂದು ಕಡೆ ಸವೆದಿದ್ದರೂ ಗ್ರೂಪ್ ಚದುರುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಾಯಿಯೊಳಗಿಟ್ಟು ಹೊರಮುಖವಾಗಿ ಸುತ್ತಲೂ ಸವರಿದೆ. ಎಲ್ಲೂ ಎಳೆ ಸಿಕ್ಕಿಹಾಕಿಕೊಳ್ಳಲಿಲ್ಲ. ಮುಂದಿನಿಂದ ಕಬ್ಬಿಣದ ಸಲಾಕೆ ಹಾಕಿ ಉಜ್ಜಿದ ಕೋವಿಗಳಲ್ಲಿ ಈ ಅಂಚೇ ಹಾಳಾಗಿರುತ್ತದೆ, ನಮ್ಮ ಕಡೆ ಅಂಥವು ಬೇಕಾದಷ್ಟಿವೆ.

ಚೇಂಬರಿನ ಅಂಚೂ ಅಷ್ಟೇ ಮುಖ್ಯ. ಟೂಟೂ ತೋಟಾದಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನೊಳಗೆ. ಹಾಗಾಗಿ ಫೈರಿಂಗ್ ಪಿನ್ ನಡುವಿಗೆ ಹೊಡೆಯುವುದಿಲ್ಲ, ಬದಿಗೆ ಹೊಡೆಯುತ್ತದೆ. ತೋಟಾ ಇಲ್ಲದೆ ಟಕ್ ಟಕ್ ಅಂತ ಹೊಡೆದು ಆಟ ಆಡಿದ ರೈಫಲಿನಲ್ಲಿ ಆ ಜಾಗ ಜಜ್ಜಿ ಹೋಗಿರುತ್ತದೆ. ಉಗುರಿನಲ್ಲಿ ಸವರಿದರೆ ತಿಳಿಯುತ್ತದೆ. ಐದು ತೋಟಾದ ಮ್ಯಾಗಝಿನ್ ಮೂಲದ್ದೇನಾ ಅಂತಲೂ ಕೇಳಿದೆ, ಕಳೆದುಹೋದರೆ ಇನ್ನೊಂದು ಹುಡುಕುವುದು ಕಷ್ಟ. ಮರದ ಸ್ಟಾಕ್ ಮೇಲಿನ ಗೀರುಗಳಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪಾಲಿಶ್ ನೋಡಿ ಕೊಳ್ಳುವವರೇ ಜಾಸ್ತಿ ದುಡ್ಡು ಕೊಡುವುದು.

ಇಷ್ಟಾದ ಮೇಲೆ ಯಜಮಾನರನ್ನೇ ರೇಂಜಿಗೆ ಕರೆದುಕೊಂಡು ಹೋದೆ. ಮರಳಿನ ಚೀಲದ ಮೇಲಿಟ್ಟು, ಅವರ ಎದುರಿಗೇ 50 ಮೀಟರಿನಿಂದ ಹೊಡೆದೆವು. ಆ ದೂರದ ಗುರಿಹಾಳೆಯಲ್ಲಿ ಹತ್ತರ ಉಂಗುರ 10.4 ಮಿಲಿಮೀಟರ್ ಮಾತ್ರ, ಒಂಬತ್ತರದ್ದು ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು. ದೇಶಿ ತೋಟಾದಲ್ಲಿ ಗುಂಡುಗಳು ಎಂಟರ, ಏಳರ ಉಂಗುರಕ್ಕೆ ಅಂತ ಹರಡಿದವು. ಎಲಿ ಕಂಪನಿಯ ಸ್ಟಾಂಡರ್ಡ್ ತೋಟಾ ಹಾಕಿದರೆ ಅದೇ ನಳಿಗೆ ನಾಣ್ಯದೊಳಗೇ ಕೂರಿಸಿತು. ಒಂದೊಂದು ನಳಿಗೆಗೆ ಒಂದೊಂದು ತೋಟಾ ಒಗ್ಗುತ್ತದೆ, ಇದನ್ನು ಹೊಡೆದೇ ನೋಡಬೇಕು. ಹೈ ವೆಲಾಸಿಟಿ ಅಂತ ಬರೆದಿರುವುದು ಗುರಿಗೆ ಬೇಡ. ಶಬ್ದದ ವೇಗ ಮೀರಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಆ ವೇಗಕ್ಕೆ ಇಳಿಯುವಾಗ ಅಲುಗುತ್ತದೆ. ಹೊರಡುವಾಗಲೇ ಶಬ್ದಕ್ಕಿಂತ ನಿಧಾನ ಇರುವ ಸ್ಟಾಂಡರ್ಡೇ ನೇರ.

ಆ ಗುರಿಹಾಳೆ ನೋಡಿದ ಮೇಲೆ ನಾನು ಚೌಕಾಸಿ ಜಾಸ್ತಿ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ರೈಫಲಿನ ದುಡ್ಡು ಒಂದು ಸಲದ್ದು. ತೋಟಾದ್ದು, ರೇಂಜಿನ ಶುಲ್ಕದ್ದು, ಪ್ರಯಾಣದ್ದು ಜೀವಮಾನದ್ದು. ಕೆಟ್ಟ ನಳಿಗೆ ಅಗ್ಗಕ್ಕೆ ಸಿಕ್ಕಿದರೆ ಪ್ರತಿ ತೋಟಾದಲ್ಲೂ ದುಡ್ಡು ಸೋರುತ್ತದೆ, ತಪ್ಪು ನನ್ನದೋ ರೈಫಲಿನದೋ ಅಂತಲೂ ಗೊತ್ತಾಗುವುದಿಲ್ಲ. ದುರ್ಬೀನು ಹಾಕಿಸಲಿಲ್ಲ. ಬೇಕಾದಾಗ ಕೂರಿಸಲು ಮೇಲೆ 11 ಮಿಲಿಮೀಟರಿನ ಹಳಿ ಇದೆ.

ಮಾರಾಟ ಖಾಸಗಿಯಾಗಿ ಆಗುವುದಾದರೆ ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಆಮೇಲೆಯೇ ಕೈ ಬದಲಾವಣೆ. ಮುಂಗಡ ಕೊಟ್ಟೆ, ಇವತ್ತೇ ಒಯ್ಯುತ್ತೇನೆ ಅನ್ನುವ ಹಾಗಿಲ್ಲ.

ಮನೆಗೆ ತಂದ ಮೇಲೆ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ನಮ್ಮಲ್ಲಿ ಪುಸ್ತಕ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಹಳಬರು ಕೋವಿಯನ್ನು ಅಡುಗೆಮನೆಯ ಹೊಗೆ ತಾಗುವಲ್ಲಿ ನೇತುಹಾಕುತ್ತಿದ್ದರು, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಬೋಲ್ಟಿಗೆ ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಅಂಟುತ್ತದೆ. ತೆಳುವಾಗಿ ಗನ್ ಆಯಿಲ್ ಸಾಕು. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ತೇವ ಹೀರಿಕೊಂಡು ಕೂರುತ್ತವೆ, ಅವು ಪ್ರಯಾಣಕ್ಕೆ ಮಾತ್ರ. ನನ್ನದು ಬೀಗವಿರುವ ಕಬ್ಬಿಣದ ಬೀರುವಿನಲ್ಲಿ, ಕೆಳಗೆ ಸಿಲಿಕಾ ಜೆಲ್ ಡಬ್ಬಿ. ಬೋಲ್ಟ್ ಮತ್ತು ತೋಟಾ ಬೇರೆ ಬೀಗದಲ್ಲಿ. ಜೆಲ್‌ನ ನೀಲಿ ಮಾಸಿ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡುತ್ತೇನೆ. ಅದಕ್ಕೆ ಅಂತಲೇ ಒಂದು ಹಳೆ ಬಾಣಲೆ ಬೇರೆ ಇಟ್ಟಿದ್ದೇನೆ, ಅಡುಗೆಯದು ಮುಟ್ಟುವ ಹಾಗಿಲ್ಲ.