ಶಾಖ ತಾಳುವ ಲೈಪೇಸ್: ಅಲ್ಪ ದತ್ತಾಂಶದಲ್ಲಿ ಕೆಲಸ ಸಾಧಿಸಿದ ನನ್ನ ಅನುಭವ

ಪ್ರತಿ ಸುತ್ತಿನಲ್ಲಿ ಕೊಬ್ಬನ್ನು ಒಡೆಯುವ ಕಿಣ್ವವಾದ ಲೈಪೇಸಿನ ನಲವತ್ತೋ ಐವತ್ತೋ ರೂಪಾಂತರಿಗಳನ್ನಷ್ಟೇ (ಅಮೈನೊ ಆಮ್ಲಗಳನ್ನು ಬದಲಿಸಿದ ರೂಪಗಳನ್ನಷ್ಟೇ) ಅಳೆದು, ಆ ಅಳತೆಗಳಿಂದಲೇ ಯಂತ್ರಕಲಿಕೆಯ ಮಾದರಿಯನ್ನು ಪಳಗಿಸುತ್ತೇನೆಂದು ಹೇಳಿದಾಗ, ಸಾವಿರಾರು ಅಳತೆಗಳಿಲ್ಲದೆ ಅದು ಆಗದ ಮಾತು ಎಂದೇ ಪ್ರಯೋಗಾಲಯದ ಹಲವರು ಹೇಳಿದ್ದರು. ಈಗ ನಮ್ಮ ಲೈಪೇಸಿನ ಟಿಎಂ (ಪ್ರೋಟೀನಿನ ಮಡಿಕೆ ಅರ್ಧದಷ್ಟು ಬಿಚ್ಚಿಕೊಳ್ಳುವ ತಾಪಮಾನ) ಮೂಲಕಿಣ್ವಕ್ಕಿಂತ ಸುಮಾರು 11 ಡಿಗ್ರಿ ಮೇಲೇರಿದೆ, ವೇಗವೂ ಹೆಚ್ಚೇನೂ ಕುಗ್ಗಿಲ್ಲ. ಅಂದು ನಕ್ಕವರೇ ಇಂದು ಕೋಡ್ ಕೇಳಿಕೊಂಡು ಬರುತ್ತಿದ್ದಾರೆ.

ಆರಂಭದ ತಿಂಗಳುಗಳು, ಅಮೈನೊ ಆಮ್ಲಗಳ ಸರಣಿಯಿಂದ ಪ್ರೋಟೀನಿನ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್‌ನಲ್ಲೇ ಕಳೆದುಹೋದವು. ಪ್ರತಿ ರೂಪಾಂತರಿಯ ರಚನೆಯನ್ನು ಊಹಿಸಿ ಪಿಎಲ್‌ಡಿಡಿಟಿ ಅಂಕಗಳ (ತನ್ನ ಊಹೆಯ ಮೇಲೆ ಅದಕ್ಕಿರುವ ಭರವಸೆಯ ಅಳತೆ) ಪ್ರಕಾರ ಸಾಲಾಗಿ ನಿಲ್ಲಿಸಿದೆವು. ಒಂದೇ ಅಮೈನೊ ಆಮ್ಲ ಬದಲಾದರೆ ಅದು ಹೆಚ್ಚುಕಡಿಮೆ ಅದೇ ರಚನೆಯನ್ನು ಮರಳಿ ಕೊಡುವುದರಿಂದ, ಆ ಸಾಲಿಗೂ ಅಳೆದ ಟಿಎಂಗೂ ಯಾವ ನಂಟೂ ಕಾಣಲಿಲ್ಲ. ಕಿಣ್ವಕ್ಕೆ ಅಣು ಎಷ್ಟು ಚೆನ್ನಾಗಿ ಅಂಟುತ್ತದೆಂದು ಊಹಿಸುವ ಡಾಕಿಂಗ್ ಅಂಕಗಳದ್ದೂ ಅದೇ ಕಥೆ.

ಕೊಟ್ಟ ರಚನೆಗೆ ಹೊಂದುವ ಸರಣಿ ಬರೆಯುವ, 2022ರಲ್ಲಿ ಬಂದ ಪ್ರೋಟೀನ್‌ಎಂಪಿಎನ್‌ಎನ್ ಬಹಳ ಆಸೆ ಹುಟ್ಟಿಸಿತು. ಸೆರೀನ್, ಹಿಸ್ಟಿಡಿನ್, ಆಸ್ಪಾರ್ಟೇಟ್ ಎಂಬ, ಕಿಣ್ವದ ಕೆಲಸ ನಡೆಸುವ ಅಮೈನೊ ಆಮ್ಲಗಳ ತ್ರಿವಳಿಯನ್ನೂ ಅದರ ಸುತ್ತಲಿನ ಸುಮಾರು 8 ಆಂಗ್‌ಸ್ಟ್ರಾಮ್ ವಲಯವನ್ನೂ ಮುಟ್ಟದಂತೆ ಕಟ್ಟಿಹಾಕಿ ಉಳಿದುದನ್ನು ಬದಲಿಸಲು ಬಿಟ್ಟೆವು. ಬಂದ ಪ್ರೋಟೀನುಗಳು ಧಾರಾಳವಾಗಿ ಕರಗಿದವು, ಶಾಖವನ್ನೂ ತಾಳಿದವು, ಆದರೆ ಬಹುತೇಕ ಒಂದರಲ್ಲೂ ಚಟುವಟಿಕೆ ಇರಲಿಲ್ಲ. ಆ ಮಾದರಿ ನೋಡುವುದು ಕೊಟ್ಟ ಮಡಿಕೆಗೆ ಯಾವ ಸರಣಿ ಹೊಂದುತ್ತದೆ ಎಂಬುದನ್ನು ಮಾತ್ರ. ಕ್ರಿಯೆ ನಡೆಯುವ ತಾಣದ ಮೇಲಿರುವ ಲೈಪೇಸಿನ ಮುಚ್ಚಳ (ಚಲಿಸುವ ಭಾಗ) ತೆರೆದು ಮುಚ್ಚಬೇಕೆಂಬುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಮುಚ್ಚಳವನ್ನೂ ಅದರ ಕೀಲುಗಳನ್ನೂ ಕಟ್ಟಿಹಾಕಿದ ಮೇಲೆ ಚಟುವಟಿಕೆ ಮರಳಿತು.

ನಿಜವಾಗಿ ಕೈಹಿಡಿದದ್ದು ಸರಳವಾದ ದಾರಿ. ಪ್ರೋಟೀನ್ ಸರಣಿಗಳನ್ನು ಓದಿ ಕಲಿತ, 65 ಕೋಟಿ ಪರಾಮೀಟರುಗಳ ಇಎಸ್‌ಎಂ-2 ಮಾದರಿಯಿಂದ ಪ್ರತಿ ಸರಣಿಗೆ 1280 ಸಂಖ್ಯೆಗಳ ಎಂಬೆಡಿಂಗ್ (ಸರಣಿಯ ಸಂಖ್ಯಾರೂಪ) ತೆಗೆದು, ಅದರ ಮೇಲೆ ರಿಡ್ಜ್ ರಿಗ್ರೆಶನ್ ಎಂಬ ಸರಳ ಅಂದಾಜು ವಿಧಾನವನ್ನು ಓಡಿಸಿದೆ. ಇಷ್ಟು ಕಡಿಮೆ ಅಳತೆಗಳಿಗೆ ಆಳವಾದ ನರಜಾಲ ಕಟ್ಟುವುದು ಬರೀ ಆಡಂಬರ. ಸತ್ತ (ಚಟುವಟಿಕೆಯಿಲ್ಲದ) ರೂಪಾಂತರಿಗಳನ್ನೂ ಕಡ್ಡಾಯವಾಗಿ ಪಟ್ಟಿಯಲ್ಲಿ ಉಳಿಸಿಕೊಂಡೆ. ಮುಂದಿನ ಸುತ್ತಿಗೆ ಅರ್ಧದಷ್ಟನ್ನು ಹೆಚ್ಚು ಅಂಕ ಪಡೆದವುಗಳಿಂದಲೂ ಉಳಿದರ್ಧವನ್ನು ಅಳೆದವುಗಳಿಂದ ದೂರವಿರುವ ಸರಣಿಗಳಿಂದಲೂ ಆರಿಸಿದೆ. ಈ ಅಂಕಕ್ಕೂ ಇಎಸ್‌ಎಂ ತಾನೇ ಕೊಡುವ ಸಂಭಾವ್ಯತೆಗೂ ಯಾವ ತೂಕ ಕೊಟ್ಟೆನೆಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ.

ಹಣ ಹೋದದ್ದು ಕಂಪ್ಯೂಟರಿಗಲ್ಲ. ಲೆಕ್ಕಾಚಾರವೆಲ್ಲ ವಿಶ್ವವಿದ್ಯಾಲಯದ ಹಂಚಿಕೆಯ ಜಿಪಿಯುನಲ್ಲೇ ಮುಗಿಯಿತು. ಅನುದಾನದ ಮುಕ್ಕಾಲು ಪಾಲನ್ನು ಜೀನ್ ಸಂಶ್ಲೇಷಣೆಯೇ ನುಂಗಿತು. ಒಂಟಿ ಬದಲಾವಣೆಗಳನ್ನೆಲ್ಲ ಪ್ರೈಮರುಗಳೆಂಬ ಚಿಕ್ಕ ಡಿಎನ್ಎ ತುಣುಕುಗಳಿಂದಲೇ ಮಾಡಿಕೊಂಡು, ಎಂಟು ಹತ್ತು ಬದಲಾವಣೆಗಳು ಒಟ್ಟಿಗಿರುವ ಸರಣಿಗಳಿಗೆ ಮಾತ್ರ ಪೂರ್ಣ ಜೀನ್ ತರಿಸಿದ ಬಳಿಕ ಖರ್ಚು ಹತೋಟಿಗೆ ಬಂದಿತು.

ನಡುವೆ ಅಳತೆಯ ವಿಧಾನವನ್ನೂ ಕೆದಕಿದೆ. ಅದರಲ್ಲಿ ಕಿಣ್ವ ಎಸ್ಟರನ್ನು ಒಡೆದಾಗ ಹೊರಬರುವ ಪ್ಯಾರಾನೈಟ್ರೊಫಿನಾಲಿನ ಹಳದಿ ಬಣ್ಣವನ್ನು ಓದುತ್ತೇವೆ. ಪ್ಯಾರಾನೈಟ್ರೊಫಿನಾಲ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್) 7.1ರ ಆಸುಪಾಸಿನಲ್ಲಿರುವುದರಿಂದ, ತಟಸ್ಥ ಬಫರಿನಲ್ಲಿ ಪಿಎಚ್ ಕೊಂಚ ಸರಿದರೂ 405 ನ್ಯಾನೊಮೀಟರಿನ ಹಳದಿ ಬದಲಾಗುತ್ತದೆ. ಓದುವ ಮೊದಲು ಕ್ಷಾರ ಬೆರೆಸಿ ತಕ್ಷಣ ಓದುವುದನ್ನೂ, ಬಿಸಿಯಲ್ಲಿ ಎಸ್ಟರ್ ತಾನಾಗಿ ಒಡೆಯುವ ಪಾಲನ್ನು ಅಳತೆಯ ತಟ್ಟೆಯಲ್ಲಿ ಕಿಣ್ವವಿಲ್ಲದ ಗುಳಿಗಳಿಂದ ಕಳೆಯುವುದನ್ನೂ ನಿಯಮ ಮಾಡಿಕೊಂಡೆ. ಮಾದರಿಯನ್ನು ಎಷ್ಟು ತಿದ್ದಿದರೂ ಸಿಗದಷ್ಟು ಸುಧಾರಣೆ ಇದರಿಂದ ಸಿಕ್ಕಿತು. ಇದೇ ದತ್ತಾಂಶದಿಂದ ಐಸೊಪ್ರೊಪನಾಲ್ ಎಂಬ ದ್ರಾವಕದ ಸಹಿಷ್ಣುತೆಯನ್ನೂ ಊಹಿಸಲು ನೋಡುತ್ತಿದ್ದೇನೆ. ಅಲ್ಲಿ ಮಾದರಿಯ ಆಯ್ಕೆಗಳಲ್ಲಿ ಅರ್ಧದಷ್ಟು ಮಾತ್ರ ನಿಲ್ಲುತ್ತಿವೆ.