ಬಟ್ಟೆ ಕ್ಲಿಪ್ಪಿನ ವಿಮಾನ, ಗಮ್ ಒಣಗೋವರೆಗೆ ಇನ್ನೊಂದು

ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ವಿಮಾನ ಮಾಡೋದ್ರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವ್ದು ಗೊತ್ತಾ, ಗಮ್ ಒಣಗೋ ತನಕ ಮುಟ್ಟದೇ ಇರೋದು. ಮೊದಲ್ನೇ ಸಲ ಮಾಡ್ದಾಗ ನನ್ ಮಗಳು ಎರಡೆರಡು ನಿಮಿಷಕ್ಕೆ "ಒಣಗ್ತಾ?" ಅಂತ ರೆಕ್ಕೆ ಅಲ್ಲಾಡಿಸಿ ಅಲ್ಲಾಡಿಸಿ, ಕೊನೆಗೆ ರೆಕ್ಕೆ ವಿಮಾನ ಬಿಟ್ಟು ಅವಳ ಬೆರಳಿಗೇ ಅಂಟ್ಕೊಂಡು ಬಂತು. ಅವತ್ತಿಂದ ನಾನು ಎರಡು ವಿಮಾನಕ್ಕೆ ಸಾಮಾನು ಎತ್ತಿಟ್ಕೊಂಡೇ ಕೂರೋದು. ಒಂದನ್ನ ಅಂಟಿಸಿ ಒಣಗೋಕೆ ಬಿಡೋದು, ಆ ಗ್ಯಾಪಲ್ಲಿ ಇನ್ನೊಂದನ್ನ ಮಾಡಿ ಹಾರಿಸೋದು.

ಮೊದಲ್ನೇದಕ್ಕೆ ಬೇಕಾಗಿರೋದು ಮರದ ಬಟ್ಟೆ ಕ್ಲಿಪ್ ಒಂದು, ಐಸ್‌ಕ್ರೀಮ್ ಕಡ್ಡಿ ಮೂರು, ಬಿಳಿ ಗಮ್, ಬಣ್ಣ, ಚೂರು ದಪ್ಪ ಕಾಗದ. ಪ್ಲಾಸ್ಟಿಕ್ ಕ್ಲಿಪ್ ಬೇಡ, ಅದ್ರ ಮೇಲೆ ಬಿಳಿ ಗಮ್ ನಿಲ್ಲಲ್ಲ, ಒಣಗಿದ್ಮೇಲೆ ಸಿಪ್ಪೆ ಥರ ಎದ್ದು ಬರುತ್ತೆ. ಇನ್ಸ್ಟಂಟ್ ಗಮ್ ಅಂತೂ ಮಕ್ಕಳಿರೋ ಟೇಬಲ್ ಹತ್ರಾನೂ ತರ್ಬೇಡಿ, ಕಡ್ಡಿಗಿಂತ ಮುಂಚೆ ಬೆರಳುಗಳನ್ನ ಅಂಟಿಸಿಬಿಡುತ್ತೆ.

ಒಂದು ಕಡ್ಡೀನ ಅರ್ಧ ಮಾಡ್ಬೇಕು, ಅದು ಬಾಲಕ್ಕೆ. ಈ ಕೆಲಸ ದೊಡ್ಡೋರದ್ದು. ನೇರವಾಗಿ ಕತ್ತರಿ ಹಾಕಿದ್ರೆ ಕಡ್ಡಿ ಉದ್ದಕ್ಕೆ ಸೀಳಿ ಹೋಗುತ್ತೆ, ಅದಕ್ಕೇ ಮೊದ್ಲು ಕಟ್ಟರಲ್ಲಿ ಎರಡೂ ಕಡೆ ಅಡ್ಡಕ್ಕೆ ಗೀರು ಹಾಕಿ ಆಮೇಲೆ ಮುರೀರಿ, ಲಟಕ್ ಅಂತ ನೀಟಾಗಿ ಬರುತ್ತೆ. ಮುರಿದ ಅಂಚು ಚುಚ್ಚುತ್ತೆ, ಸ್ವಲ್ಪ ಉಜ್ಜಿ ಕೊಡಿ.

ಈಗ ಬಣ್ಣ. ಎಲ್ಲರೂ ಅಂಟಿಸಿ ಆಮೇಲೆ ಬಣ್ಣ ಹಚ್ತಾರೆ, ನಾನು ಉಲ್ಟಾ ಹೇಳ್ತೀನಿ, ಬಿಡಿ ಬಿಡಿಯಾಗಿರೋವಾಗ್ಲೇ ಹಚ್ಚಿಸ್ಬಿಡಿ, ಯಾಕಂದ್ರೆ ಸಣ್ಣ ಕೈಗೆ ಎರಡು ರೆಕ್ಕೆ ಮಧ್ಯದ ಸಂದೀಲಿ ಬ್ರಷ್ ತೂರ್ಸೋಕೆ ಆಗಲ್ಲ, ಜೋರಾಗಿ ತೂರ್ಸಿದ್ರೆ ರೆಕ್ಕೇನೇ ಕಿತ್ಕೊಂಡು ಬರುತ್ತೆ. ವಾಟರ್ ಕಲರ್ ಆದ್ರೆ ಕಡ್ಡಿಗೆ ಎರಡೂ ಕಡೆ ಹಚ್ಚಿ, ಒಂದೇ ಕಡೆ ಒದ್ದೆ ಆದ್ರೆ ಕಡ್ಡಿ ಸೊಟ್ಟ ಆಗುತ್ತೆ. ಕ್ರೇಯಾನ್ ಆದ್ರೆ ಒದ್ದೆ ಗಲಾಟೆ ಇಲ್ಲ, ಆದ್ರೆ ಅದ್ರಲ್ಲಿರೋ ಮೇಣದ ಮೇಲೆ ಗಮ್ ಹಿಡಿಯಲ್ಲ, ಅದಕ್ಕೆ ಕಡ್ಡಿ ಮಧ್ಯ ಒಂದು ಬೆರಳಗಲ ಖಾಲಿ ಬಿಡೋಕೆ ಹೇಳಿ. ಬಿಡಲ್ಲ ಅಂತ ನಂಗೂ ಗೊತ್ತು. ಆ ಜಾಗಾನ ನೀವೇ ಆಮೇಲೆ ಕೆರೆದುಬಿಡಿ.

ಜೋಡಿಸೋವಾಗ ಕ್ಲಿಪ್ಪಿನ ಯಾವ ತುದಿ ಮುಂದೆ ಅನ್ನೋದು ಮುಖ್ಯ. ನಾವು ಬೆರಳಿಟ್ಟು ಒತ್ತೋ ಅಗಲದ ಕಡೆ ವಿಮಾನದ ಮುಂಭಾಗ, ಬಟ್ಟೆ ಕಚ್ಚೋ ಬಾಯಿ ಇರೋ ಕಡೆ ಬಾಲ. ಮುಂದಿನ ಎರಡು ಕಾಲು ಅಗಲವಾಗಿ ನಿಂತಿರುತ್ತಲ್ಲ, ಮೇಲಿನ ಕಾಲಿಗೆ ಒಂದು ಕಡ್ಡಿ ಅಡ್ಡಕ್ಕೆ, ಕೆಳಗಿನ ಕಾಲಿಗೆ ಇನ್ನೊಂದು, ಅಲ್ಲಿಗೆ ಎರಡು ಅಂತಸ್ತಿನ ರೆಕ್ಕೆ ಬಂತು. ಅರ್ಧ ಕಡ್ಡಿ ಹಿಂದೆ ಬಾಯಿಯ ಮೇಲಿನ ತುಟಿ ಮೇಲೆ. ಅದ್ರ ಮೇಲೆ ಕಾಗದದ ಒಂದು ಸಣ್ಣ ತ್ರಿಕೋನ, ಬುಡ ಮಡಚಿ ಅಂಟಿಸಿ, ನೆಟ್ಟಗೆ ನಿಲ್ಲುತ್ತೆ. ಮೂತಿಗೆ ಕಾಗದದ ಪಟ್ಟಿ ಒಂದನ್ನ ಫ್ಯಾನ್ ಥರ. ಅದ್ರ ಮೇಲೆ ಗುಂಡಿ ಅಂಟಿಸ್ತಾರೆ ಕೆಲವರು, ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಮನೇಲಿ 3 ವರ್ಷದೊಳಗಿನ ಮಗು ಇದ್ರೆ ಅದು ಸೀದಾ ಬಾಯಿಗೇ ಹೋಗುತ್ತೆ, ಬಿಟ್ಬಿಡಿ.

ಗಮ್ ಹಚ್ಚೋ ಕೆಲಸ ಮಕ್ಕಳಿಗೇ ಕೊಡಿ, ಬಾಟ್ಲಿ ಮಾತ್ರ ಕೊಡ್ಬೇಡಿ. ಒಂದು ಮುಚ್ಚಳದಲ್ಲಿ ಸ್ವಲ್ಪ ಹಾಕಿ, ಕಿವಿಗೆ ಹಾಕೋ ಹತ್ತಿ ಕಡ್ಡೀಲಿ ಚುಕ್ಕಿ ಇಡ್ಸಿ. ನೀವು ನೋಡ್ಕೋಬೇಕಾಗಿರೋದು ಎರಡೇ ಜಾಗ, ಸ್ಪ್ರಿಂಗ್ ಮತ್ತೆ ಬಾಲದ ಕಡೆಯ ಬಾಯಿ. ಅಲ್ಲಿಗೆ ಗಮ್ ಇಳಿದ್ರೆ ಕ್ಲಿಪ್ ತೆಗೆಯೋಕೇ ಬರಲ್ಲ. ಬಾಯಿಗೆ ಒಂದು ಚೂರು ಪ್ಲಾಸ್ಟಿಕ್ ಕವರ್ ಕಚ್ಚಿಸಿಟ್ರೆ ಸೇಫ್. ರೆಕ್ಕೆ ಜಾರದ ಹಾಗೆ ಇನ್ನೆರಡು ಬಟ್ಟೆ ಕ್ಲಿಪ್ ಹಾಕಿ ಒತ್ತಿ ಹಿಡ್ಸಿ, ಮಕ್ಕಳ ಕೈಗೆ ಸಿಗದಷ್ಟು ಮೇಲೆ ಎತ್ತಿಡಿ. ಕಡಿಮೆ ಅಂದ್ರೂ ಅರ್ಧ ಗಂಟೆ ಮುಟ್ಟೋ ಹಾಗಿಲ್ಲ, ರಾತ್ರಿಯೆಲ್ಲಾ ಬಿಟ್ರೆ ಇನ್ನೂ ಗಟ್ಟಿ.

ಸರಿ, ಇಷ್ಟೊತ್ತಿಗೆ ಪ್ರಶ್ನೆ ಬಂದಿರುತ್ತೆ, "ಅಮ್ಮಾ, ಇದು ಹಾರುತ್ತಾ?" ಸುಳ್ಳು ಹೇಳ್ಬೇಡಿ, ಇದು ಹಾರಲ್ಲ, ಕೈಯಲ್ಲಿ ಹಿಡ್ಕೊಂಡು ಝೂಂ ಅಂತ ಓಡೋಕೆ ಇರೋದು. ಹಾರೋದನ್ನ ಈಗ ಮಾಡಣ ಬಾ ಅಂತ ಸ್ಟ್ರಾ ತೆಗೀರಿ.

ಇದಕ್ಕೆ ಗಮ್ಮೇ ಬೇಡ, ಟೇಪ್ ಸಾಕು. ಸ್ವಲ್ಪ ದಪ್ಪ ಇರೋ ಕಾಗದದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದು ಸುಮಾರು 13 ಸೆಂಟಿಮೀಟರ್ ಉದ್ದ, ಇನ್ನೊಂದು ಅದ್ರ ಎರಡರಷ್ಟು. ಎರಡನ್ನೂ ಬಳೆ ಥರ ಸುತ್ತಿ ಟೇಪ್ ಹಾಕಿ. ಸ್ಟ್ರಾದ ಒಂದು ತುದಿಗೆ ಸಣ್ಣ ಬಳೆ, ಇನ್ನೊಂದು ತುದಿಗೆ ದೊಡ್ಡ ಬಳೆ, ಎರಡೂ ಸ್ಟ್ರಾದ ಒಂದೇ ಕಡೆಗೆ ಇರ್ಬೇಕು. ಒಂದು ಬಳೆ ಒಳಗಿಂದ ಕಣ್ಣಿಟ್ಟು ನೋಡಿದ್ರೆ ಇನ್ನೊಂದು ಬಳೆ ನೆಟ್ಟಗೆ ಕಾಣ್ಬೇಕು, ಈ ಚೆಕಿಂಗ್ ಕೆಲಸ ಮಕ್ಕಳಿಗೆ ಭಾರಿ ಇಷ್ಟ, ದುರ್ಬೀನು ಥರ ಹಿಡ್ಕೊಂಡು ನಿಮ್ಮನ್ನೇ ನೋಡ್ತಾ ಕೂರ್ತಾರೆ.

ಬಳೆಗಳು ಮೇಲೆ, ಸಣ್ಣದು ಮುಂದೆ ಬರೋ ಹಾಗೆ ಸ್ಟ್ರಾದ ಮಧ್ಯ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿ. ಮಕ್ಕಳು ಕಲ್ಲು ಎಸೆದ ಹಾಗೆ ಎಸೀತಾರೆ, ಆಗ ಪಲ್ಟಿ ಹೊಡೆದು ಬೀಳುತ್ತೆ. "ನಿಧಾನಕ್ಕೆ ಕೈಯಿಂದ ಬಿಟ್ಕೊಡು" ಅಂದ್ರೆ ಎರಡ್ಮೂರು ಸಲಕ್ಕೆ ಕೈ ಕೂರುತ್ತೆ. ಬಳೆನೇ ಇಲ್ಲಿ ರೆಕ್ಕೆ ಕೆಲಸ ಮಾಡೋದು, ಹಿಂದಿನ ದೊಡ್ಡದು ಗಾಳಿ ತಡೆದು ವಿಮಾನ ಅತ್ತಿತ್ತ ತಿರುಗದ ಹಾಗೆ ನೋಡ್ಕೊಳ್ಳುತ್ತೆ. ಮೂತಿ ಮೇಲಕ್ಕೆದ್ದು ಅಲ್ಲೇ ನಿಂತು ಧೊಪ್ ಅಂತ ಬಿದ್ರೆ ಮುಂದೆ ತೂಕ ಸಾಲ್ದು ಅಂತ, ಸಣ್ಣ ಬಳೆಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ನೋಡಿ. ಹಾಗೇ ಒಂದ್ಸಲ ದೊಡ್ಡದನ್ನ ಮುಂದೆ ಮಾಡಿ ಎಸೆಯೋಕೂ ಬಿಡಿ, ಏನಾಗುತ್ತೆ ಅಂತ ಅವ್ರೇ ಹೇಳ್ಲಿ. ಮುಖದ ಕಡೆ ಎಸೆಯೋ ಹಾಗಿಲ್ಲ ಅನ್ನೋದು ಮಾತ್ರ ಶುರುವಲ್ಲೇ ರೂಲ್ಸ್.

ಎತ್ತಿಟ್ಟಿರೋ ವಿಮಾನಕ್ಕೆ ಎರಡೆರಡು ರೆಕ್ಕೆ ಯಾಕೆ ಅಂತ ಕೇಳಿದ್ರೆ ರೈಟ್ ಸಹೋದರರ ಕಥೆ ಹೇಳಿ. 1903ರ ಡಿಸೆಂಬರ್ 17ರಂದು ಅವ್ರು ಹಾರಿಸಿದ ವಿಮಾನಕ್ಕೂ ಹೀಗೇ ಒಂದರ ಮೇಲೊಂದು ರೆಕ್ಕೆ ಇತ್ತು. ಅವತ್ತಿನ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಅಷ್ಟೇ. ಹನ್ನೆರಡರ ತನಕ ಜೋರಾಗಿ ಎಣಿಸ್ತಾ ಸ್ಟ್ರಾ ವಿಮಾನ ಬಿಟ್ಟು ನೋಡಿ. ನಮ್ಮದು ಎರಡು ಅನ್ನೋಷ್ಟರಲ್ಲಿ ಸೋಫಾ ಕೆಳಗೆ ಸೇರಿರುತ್ತೆ.

ಗಮ್ ಒಣಗಿದ್ಮೇಲೆ ಹಿಡ್ಸಿದ್ದ ಕ್ಲಿಪ್ಪುಗಳನ್ನ ತೆಗೆದು, ಬಾಯಲ್ಲಿರೋ ಪ್ಲಾಸ್ಟಿಕ್ ಎಳೆದುಬಿಡಿ. ಈಗ ಎರಡು ರೆಕ್ಕೆಗಳನ್ನ ಮಧ್ಯದಲ್ಲಿ ಹಿಡಿದು ಒತ್ತಿದ್ರೆ ಬಾಲದ ಕಡೆ ಬಾಯಿ ತೆಗೆಯುತ್ತೆ. ರೆಕ್ಕೆ ತುದಿ ಹಿಡಿದು ಒತ್ತಿದ್ರೆ ಕಿತ್ಕೊಂಡು ಬರುತ್ತೆ, ಹಂಗೇನಾದ್ರೂ ಆದ್ರೆ ಹಳೇ ಗಮ್ ಪೂರ್ತಿ ಕೆರೆದು ಹೊಸದಾಗಿ ಅಂಟಿಸಿ, ಒಣಗಿದ ಗಮ್ ಮೇಲೆ ಹೊಸ ಗಮ್ ಸರಿಯಾಗಿ ಹಿಡಿಯಲ್ಲ. ನಮ್ಮನೇದು ಈಗ ಕರ್ಟನ್ ಅಂಚನ್ನ ಬಾಲದಲ್ಲಿ ಕಚ್ಕೊಂಡು ನೇತಾಡ್ತಿದೆ, ಅದೇ ಏರ್‌ಪೋರ್ಟ್ ಅಂತೆ, ಕರ್ಟನ್ ಎಳೆಯೋಕೆ ಮುಂಚೆ ನಾನು ಪರ್ಮಿಷನ್ ಕೇಳ್ಬೇಕಂತೆ.